‘ಮಿಮಿಕ್’ ಶಬ್ದದ ಮೂಲ ಮತ್ತು ಮೂರನೆಯವನ ಪಾತ್ರ

(ಶಿವಮೊಗ್ಗದ ಕಾಲೇಜೊಂದರಲ್ಲಿ ರಂಗಾಸಕ್ತ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಇಂದು ನಾನು ಇಂಗ್ಲಿಷಿನ ‘ಮಿಮಿಕ್’ ಎಂಬ ಒಂದೇ ಶಬ್ದವನ್ನು ಹಿಡಿದು ಮಾತನಾಡಬೇಕೆಂದಿದ್ದೇನೆ. ಅದೇ ಮನೆತನದ ‘ಮಿಮಿಕ್ರಿ’ ನಮ್ಮಲ್ಲಿ ಕನ್ನಡವೇ ಆಗಿಹೋಗಿದೆ. ಗಣಪತಿ ಪೆಂಡಾಲಿನ ಮನರಂಜನೆಯಲ್ಲಾಗಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಾಗಲಿ, ಎರಡು ಹಾಡುಗಳ ನಡುವೆ ನಿರೂಪಕರು ‘ಈಗ ಮಿಮಿಕ್ರಿ’ ಎಂದರೆ ಅದರ ಅರ್ಥವನ್ನು ಯಾರೂ ಕೇಳುವುದಿಲ್ಲ. ಸಿನಿಮಾ ನಟರ ದನಿ, ನಿಲ್ದಾಣದ ಪ್ರಕಟಣೆ, ಬೀದಿನಾಯಿಗಳ ಜಗಳ ಇವೆಲ್ಲ ಒಬ್ಬನ ಗಂಟಲಿನಿಂದ ಬರಲಿವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ ಶಬ್ದ ಎರಡೂವರೆ ಸಾವಿರ ವರ್ಷಗಳಷ್ಟು ದೂರ ನಡೆದು ಬಂದಿದೆ ಎಂಬುದೂ, ಆ ದಾರಿ ಒಂದು ಕಡೆ ನಮ್ಮ ಕನ್ನಡದ ಬಾಗಿಲನ್ನೇ ತಟ್ಟಿರಬಹುದು ಎಂಬುದೂ ಅಷ್ಟಾಗಿ ಮಾತಿಗೆ ಬರುವುದಿಲ್ಲ.

ನಿಘಂಟು ತೆರೆದರೆ ‘ಅನುಕರಿಸು, ಅಣಕಿಸು’ ಎಂಬ ಅರ್ಥ ಸಿಗುತ್ತದೆ. ಈ ಅರ್ಥವಿವರಣೆಯಲ್ಲಿ ಇರುವವರು ಇಬ್ಬರು, ಅನುಕರಿಸುವವನು ಮತ್ತು ಅನುಕರಣೆಗೆ ಒಳಗಾದವನು. ನನ್ನ ವಾದವೆಂದರೆ ಈ ಶಬ್ದದ ಚರಿತ್ರೆಯಲ್ಲಿ ಮೊದಲಿನಿಂದಲೂ ಮೂವರಿದ್ದಾರೆ, ಮತ್ತು ನೋಡುವ, ಕೇಳುವ ಆ ಮೂರನೆಯವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದರ ಮೇಲೆಯೇ ಶಬ್ದದ ಬೆಲೆ ಏರಿಳಿದಿದೆ. ನಮ್ಮ ಕನ್ನಡದ ಮಾತುಗಳನ್ನೇ ಗಮನಿಸಿ. ‘ಅಣಕ’ ಎಂದರೆ ನಾಲ್ಕು ಜನರ ಎದುರಿಗೆ ಮಾಡುವಂಥದ್ದು. ನೋಡುವವರಿಗೆ ಗುರುತು ಸಿಗದಿದ್ದರೆ ಅಣಕವೇ ಕೆಟ್ಟುಹೋಗುತ್ತದೆ. ‘ನಕಲು’ ಎಂದರೆ ನೋಡುವವರಿಗೆ ಗೊತ್ತಾಗಬಾರದ್ದು. ಗೊತ್ತಾದ ಕ್ಷಣ ಪರೀಕ್ಷಾ ಕೊಠಡಿಯಲ್ಲಿ ಸಿಕ್ಕಿಬಿದ್ದಂತೆ. ‘ವೇಷ’ವೋ, ಗೊತ್ತಿದ್ದೂ ಗೊತ್ತಿಲ್ಲದಂತೆ ನೋಡಬೇಕಾದ್ದು. ಮೂರರಲ್ಲೂ ಅನುಕರಣೆಯ ಕ್ರಿಯೆ ಒಂದೇ ಆದರೂ, ಎದುರಿಗೆ ಕುಳಿತವನ ತಿಳಿವಳಿಕೆ ಮಾತ್ರ ಬೇರೆ ಬೇರೆ.

ಮೊದಲು ಶಬ್ದದ ಮೈಯನ್ನು ನೋಡೋಣ. ಇಂಗ್ಲಿಷಿಗೆ ಇದು 16ನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯಾಟಿನ್ನಿನ ‘ಮೀಮಿಕಸ್’ನಿಂದ ಬಂತು, ಲ್ಯಾಟಿನ್ನಿಗೆ ಗ್ರೀಕಿನ ‘ಮೀಮಿಕೋಸ್’ನಿಂದ, ಅದರ ಬುಡದಲ್ಲಿರುವುದು ‘ಮೀಮೋಸ್’ ಎಂಬ ನಾಮಪದ. ಬಹಳ ಜನ ಇದನ್ನು ‘ಇಮಿಟೇಟ್’ ಶಬ್ದದ ತಮ್ಮನೆಂದು ಭಾವಿಸುತ್ತಾರೆ. ಹಾಗಲ್ಲ. ‘ಇಮಿಟೇಟ್’ನ ಸಂಬಂಧ ಇರುವುದು ಲ್ಯಾಟಿನ್ನಿನ ‘ಇಮಾಗೋ’ ಎಂಬ, ಪ್ರತಿಬಿಂಬವನ್ನು ಹೇಳುವ ಶಬ್ದದ ಕಡೆಗೆ. ‘ಮೀಮೋಸ್’ಗೆ ಹಾಗೆ ಖಚಿತವಾದ ಹಿಂದಿನ ಪೀಳಿಗೆ ಇಲ್ಲ, ಸಂಸ್ಕೃತದ ‘ಮಾಯಾ’ದೊಂದಿಗೆ ಅದನ್ನು ಜೋಡಿಸಲು ನಡೆದ ಪ್ರಯತ್ನಗಳನ್ನು ಭಾಷಾಶಾಸ್ತ್ರ ಗಟ್ಟಿಯಾಗಿ ಒಪ್ಪಿಲ್ಲ. ಇಬ್ಬರಲ್ಲಿ ಒಬ್ಬರು ಬಿಂಬದಿಂದ ಹುಟ್ಟಿದವರು, ಇನ್ನೊಬ್ಬರು ನಟನಿಂದ. ಈ ವ್ಯತ್ಯಾಸ ನೆನಪಿನಲ್ಲಿರಲಿ, ಏಕೆಂದರೆ ‘ಮೀಮೋಸ್’ ಎಂದರೆ ಮೊದಲಿಗೆ ಒಂದು ಕ್ರಿಯೆಯಲ್ಲ, ಒಬ್ಬ ಮನುಷ್ಯ, ವೇಷಗಾರ.

ಇಂಗ್ಲಿಷಿನಲ್ಲೂ ಶಬ್ದ ಮೊದಲು ಕಾಣಿಸಿಕೊಂಡಾಗ ಈ ಅರ್ಥವೇ ಮುಂದಿತ್ತು. ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ನೇಕಾರ ಬಾಟಮ್ ಕತ್ತೆಯ ತಲೆ ಹೊತ್ತು ಪೊದೆಯಿಂದ ಹೊರಬರುವುದನ್ನು ಪಕ್ ಎಂಬ ತುಂಟ ಯಕ್ಷ ತನ್ನ ಒಡೆಯನಿಗೆ ವರದಿ ಮಾಡುವಾಗ ‘ನನ್ನ ಮಿಮಿಕ್ ಹೊರಬಂದ’ ಎನ್ನುತ್ತಾನೆ. ಅಲ್ಲಿ ಅಣಕದ ಸೋಂಕಿಲ್ಲ, ನಾಟಕದ ಪಾತ್ರಧಾರಿ ಎಂದಷ್ಟೇ ಅರ್ಥ. ಕುತೂಹಲವೆಂದರೆ 1600ರ ಮೊದಲ ಮುದ್ರಣದಲ್ಲಿ ಆ ಶಬ್ದ ‘ಮಿನ್ನಿಕ್’ ಎಂದು ಅಚ್ಚಾಗಿತ್ತು. 1623ರ ಸಂಪುಟದಲ್ಲಿ ಅದು ‘ಮಿಮ್ಮಿಕ್’ ಆಯಿತು. ಅಚ್ಚಿನ ಮೊಳೆ ಜೋಡಿಸುವವನ ಕೈಗೆ ಶಬ್ದ ಇನ್ನೂ ಹೊಸದಾಗಿತ್ತೆಂದು ಇದರಿಂದ ಊಹಿಸಬಹುದು. ಕ್ರಿಯಾಪದವಾಗಿ, ಅದರಲ್ಲೂ ಗೇಲಿ ಮಾಡುವ ಅರ್ಥದಲ್ಲಿ, ಅದು ನೆಲೆಯೂರಿದ್ದು 17ನೆಯ ಶತಮಾನದಲ್ಲಿ.

ಈಗ ಹಿಂದಕ್ಕೆ, ಗ್ರೀಸಿಗೆ ಹೋಗೋಣ. ಡೀಲೋಸ್ ದ್ವೀಪದಲ್ಲಿ ಅಪೊಲೊ ದೇವರ ಜಾತ್ರೆ ನಡೆಯುತ್ತಿತ್ತು. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಅಪೊಲೊ ಸ್ತೋತ್ರದಲ್ಲಿ ಆ ಜಾತ್ರೆಯ ಹಾಡುಗಾರ್ತಿಯರ ವರ್ಣನೆಯಿದೆ. ಊರೂರುಗಳಿಂದ ಬಂದ ಜನರ ದನಿಯನ್ನೆಲ್ಲ ಆ ಹೆಣ್ಣುಮಕ್ಕಳು ಅನುಕರಿಸಬಲ್ಲರು. ಕೇಳುತ್ತಾ ನಿಂತ ಪ್ರತಿಯೊಬ್ಬನಿಗೂ ತಾನೇ ಮಾತನಾಡುತ್ತಿದ್ದೇನೆ ಅನ್ನಿಸುತ್ತದೆ, ಅಷ್ಟು ಚೆನ್ನಾಗಿ ಅವರ ಹಾಡು ಕೂಡಿಬರುತ್ತದೆ ಎಂದು ಕವಿ ಹೇಳುತ್ತಾನೆ. ಇದೇ ಧಾತುವಿನ ಕ್ರಿಯಾಪದ ನಮಗೆ ಸಿಗುವ ಅತ್ಯಂತ ಹಳೆಯ ಪ್ರಯೋಗಗಳಲ್ಲಿ ಇದೊಂದು. ಇಲ್ಲಿ ಅನುಕರಣೆಯ ಗೆಲುವನ್ನು ಅಳೆದಿರುವುದು ಯಾರಿಂದ ಎಂಬುದನ್ನು ನೋಡಿ. ಹಾಡುವವರ ಕೌಶಲವನ್ನು ಕವಿ ನೇರವಾಗಿ ಹೊಗಳಿ ಸುಮ್ಮನಾಗಲಿಲ್ಲ. ಕೇಳುಗನ ಒಳಗೆ ಹೋಗಿ, ಅವನಿಗೆ ಏನನ್ನಿಸಿತು ಎಂದು ಹೇಳಿದ. ಅಷ್ಟು ಹಿಂದೆಯೇ ಮೂರನೆಯವನು ಬಂದು ಕುಳಿತಿದ್ದಾನೆ.

ಇನ್ನೊಂದು ಹಳೆಯ ಪ್ರಯೋಗ ಗ್ರೀಕ್ ನಾಟಕಕಾರ ಈಸ್ಕಿಲಸನ ಕಳೆದುಹೋದ ನಾಟಕವೊಂದರ ತುಣುಕಿನಲ್ಲಿದೆ. ಕಾಣದ ಎಲ್ಲಿಂದಲೋ ಗೂಳಿಯ ದನಿಯ ‘ಮೀಮೋಸ್’ಗಳು ಗುಟುರು ಹಾಕುತ್ತವೆ, ನೆಲದಡಿಯ ಗುಡುಗಿನಂತೆ ವಾದ್ಯ ಮೊಳಗುತ್ತದೆ ಎಂಬ ಸಾಲು ಅದು. ಅಂದರೆ ಈ ಶಬ್ದ ಕಣ್ಣಿಗಿಂತ ಮೊದಲು ಕಿವಿಗೆ ಸೇರಿತ್ತು ಎಂದು ನನಗೆ ಅನ್ನಿಸುತ್ತದೆ. ಕನ್ನಡಿಗರಿಗೆ ಇದನ್ನು ಒಪ್ಪುವುದು ಕಷ್ಟವಲ್ಲ. ನಮ್ಮ ವ್ಯಾಕರಣದಲ್ಲಿ ‘ಅನುಕರಣ’ ಎಂಬ ಹೆಸರಿರುವುದು ದನಿಯನ್ನು ಹಿಡಿಯುವ ಅವ್ಯಯಗಳಿಗೆ. ಆಗುಂಬೆ ಕಡೆಯವರು ಮಳೆಯನ್ನು ಬಣ್ಣಿಸುವಾಗ ಜಿಟಿಜಿಟಿ, ಧೋ ಧೋ, ಜರ್ರನೆ ಎಂದು ದನಿಯಿಂದಲೇ ಮಳೆಯ ತರಗಳನ್ನು ಬೇರ್ಪಡಿಸುತ್ತಾರಲ್ಲ, ಅವೆಲ್ಲ ಅನುಕರಣಾವ್ಯಯಗಳು.

ಈ ಶಬ್ದ ತತ್ವಶಾಸ್ತ್ರದ ಕೈಗೆ ಸಿಕ್ಕಾಗ ಅದರ ಬದುಕು ಬದಲಾಯಿತು. ಗ್ರೀಕ್ ಚಿಂತಕ ಡೆಮೊಕ್ರಿಟಸ್ ಅದನ್ನು ಗೌರವದಿಂದಲೇ ಬಳಸಿದ: ನೇಯ್ಗೆಯನ್ನು ಜೇಡದಿಂದ, ಮನೆ ಕಟ್ಟುವುದನ್ನು ಕವಲುತೋಕೆಯಿಂದ, ಹಾಡನ್ನು ಹಂಸ ಮತ್ತು ನೈಟಿಂಗೇಲ್‌ಗಳಿಂದ ನಾವು ಅನುಕರಿಸಿ ಕಲಿತೆವು ಎಂದ. ಪ್ಲೇಟೊ ಮಾತ್ರ ಭಯಪಟ್ಟ. ‘ರಿಪಬ್ಲಿಕ್’ನ ಮೂರನೆಯ ಭಾಗದಲ್ಲಿ ಕುದುರೆಯ ಕೆನೆತ, ಗೂಳಿಯ ಗುಟುರು, ನದಿಯ ಮೊರೆತ, ಗುಡುಗು ಇವನ್ನೆಲ್ಲ ಅನುಕರಿಸುವವರ ಬಗ್ಗೆ ಅವನು ಮುಖ ಸಿಂಡರಿಸುತ್ತಾನೆ. ಯಾವ ರೂಪವನ್ನಾದರೂ ತಾಳಬಲ್ಲ ಕವಿಯೊಬ್ಬ ನಮ್ಮ ನಗರಕ್ಕೆ ಬಂದರೆ ಅವನಿಗೆ ತಲೆಬಾಗಿ, ಸುಗಂಧ ಹಚ್ಚಿ, ಉಣ್ಣೆಯ ಪಟ್ಟಿ ಮುಡಿಸಿ, ಬೇರೆ ಊರಿಗೆ ಕಳಿಸಿಬಿಡೋಣ ಎನ್ನುತ್ತಾನೆ. ಹತ್ತನೆಯ ಭಾಗದಲ್ಲಿ ಮೂರು ಮಂಚಗಳ ಪ್ರಸಿದ್ಧ ವಾದ ಬರುತ್ತದೆ. ದೇವರು ಮಾಡಿದ ಮಂಚದ ಮೂಲರೂಪ, ಬಡಗಿ ಮಾಡಿದ ಮಂಚ, ಚಿತ್ರಗಾರ ಬರೆದ ಮಂಚ. ಚಿತ್ರಗಾರ ಸತ್ಯದಿಂದ ಎರಡು ಮೆಟ್ಟಿಲು ಕೆಳಗಿದ್ದಾನೆ ಎಂಬುದಕ್ಕಿಂತ, ದೂರದಿಂದ ನೋಡುವ ಮಕ್ಕಳೂ ಅರಿಯದವರೂ ಅದನ್ನು ನಿಜವೆಂದು ನಂಬಿಯಾರು ಎಂಬುದು ಪ್ಲೇಟೊನ ಆತಂಕದ ತಿರುಳು ಎಂದು ನಾನು ಓದುತ್ತೇನೆ.

ಇಷ್ಟು ಕಟುವಾಗಿ ಬರೆದ ಅದೇ ಪ್ಲೇಟೊ ಸಿಸಿಲಿಯ ಸೋಫ್ರಾನ್ ಎಂಬವನು ಬರೆದ ‘ಮೈಮ್’ಗಳನ್ನು, ಅಂದರೆ ದಿನನಿತ್ಯದ ಬದುಕಿನ ಕಿರುದೃಶ್ಯಗಳನ್ನು, ಅಥೆನ್ಸಿಗೆ ತಂದನೆಂದೂ ಅವನ ದಿಂಬಿನ ಕೆಳಗೆ ಆ ಪುಸ್ತಕ ಸಿಕ್ಕಿತೆಂದೂ ತತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯಾಜಿನೀಸ್ ಲೇರ್ಶಿಯಸ್ ದಾಖಲಿಸಿದ್ದಾನೆ. ಸೋಫ್ರಾನನ ಮೈಮ್‌ಗಳನ್ನೂ ಸಾಕ್ರಟೀಸನ ಸಂವಾದಗಳನ್ನೂ ಒಟ್ಟಿಗೆ ಕರೆಯಲು ನಮ್ಮಲ್ಲಿ ಒಂದು ಹೆಸರಿಲ್ಲವಲ್ಲ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ (‘ಪೊಯೆಟಿಕ್ಸ್’) ಆರಂಭದಲ್ಲಿ ಬರೆಯುವಾಗ ಇದು ಅವನ ಮನಸ್ಸಿನಲ್ಲಿ ಇದ್ದಿರಲೂಬಹುದು.

ಆ ಪುಸ್ತಕದ ನಾಲ್ಕನೆಯ ಅಧ್ಯಾಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಪ್ರಾಣಿಗಳಲ್ಲೆಲ್ಲ ಮನುಷ್ಯನೇ ಅತಿ ಹೆಚ್ಚು ಅನುಕರಿಸುವವನು, ಅವನ ಮೊದಲ ಕಲಿಕೆ ಅನುಕರಣೆಯಿಂದಲೇ ಎಂದು ಅವನು ಹೇಳುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅದರ ಮುಂದಿನ ಮಾತನ್ನು ಗಮನಿಸಿ. ನೇರವಾಗಿ ನೋಡಿದರೆ ಮೈ ಜುಮ್ಮೆನ್ನುವ ವಸ್ತುಗಳ, ಹೆಣಗಳ ಚಿತ್ರವನ್ನೂ ನಾವು ಸಂತೋಷದಿಂದ ನೋಡುತ್ತೇವೆ, ಏಕೆಂದರೆ ನೋಡುತ್ತಾ ‘ಇದು ಅದೇ’ ಎಂದು ಗುರುತಿಸುತ್ತೇವೆ. ಆಮೇಲೆ ಅವನು ಇನ್ನೊಂದು ಎಳೆ ಸೇರಿಸುತ್ತಾನೆ: ಮೂಲವನ್ನು ಮೊದಲೇ ನೋಡಿರದಿದ್ದರೆ, ಆಗುವ ಸಂತೋಷ ಅನುಕರಣೆಯದ್ದಲ್ಲ, ಕೆಲಸದ ನಾಜೂಕಿನದೋ ಬಣ್ಣದ್ದೋ ಅಂಥ ಬೇರೆ ಯಾವುದರದ್ದೋ ಆಗಿರುತ್ತದೆ. ಮೂಲ ಗೊತ್ತಿರುವ ನೋಡುಗ, ಮೂಲ ಗೊತ್ತಿಲ್ಲದ ನೋಡುಗ, ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ಎತ್ತಿಟ್ಟದ್ದಕ್ಕಾಗಿ ಆ ಅಧ್ಯಾಯ ನನಗೆ ಬಹಳ ಪ್ರಿಯ. ಮುಂದೆ ನಾನು ಹೇಳಲಿರುವುದಕ್ಕೆಲ್ಲ ಇದೇ ಊರುಗೋಲು.

ರೋಮಿನಲ್ಲಿ ‘ಮೀಮಸ್’ ಎಂಬುದು ಜನ ಮುಗಿಬಿದ್ದು ನೋಡುವ ಆಟವಾಯಿತು. ದುರಂತ ನಾಟಕದವರಂತೆ ಮುಖವಾಡವಿಲ್ಲ, ಎತ್ತರದ ಪಾದರಕ್ಷೆಯಿಲ್ಲ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುತ್ತಿದ್ದಳು. ಜನಪ್ರಿಯತೆ ಎಷ್ಟಿತ್ತೋ ಸಾಮಾಜಿಕ ಮರ್ಯಾದೆ ಅಷ್ಟು ಕಡಿಮೆ ಇತ್ತು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್, ಕುಲೀನನಾದ ಲಬೀರಿಯಸ್ ಎಂಬ ಮೈಮ್ ಕವಿಯನ್ನು ಸ್ವತಃ ರಂಗಕ್ಕೆ ಹತ್ತುವಂತೆ ಒತ್ತಾಯಿಸಿದ್ದು ಅವನಿಗೆ ಅವಮಾನವೆಂದೇ ಎಲ್ಲರೂ ತಿಳಿದರು. ಆರನೆಯ ಶತಮಾನದಲ್ಲಿ ರಂಗದ ಹೆಣ್ಣಾಗಿದ್ದ ಥಿಯೊಡೋರಳನ್ನು, ಮುಂದೆ ಚಕ್ರವರ್ತಿಯಾದ ಜಸ್ಟಿನಿಯನ್ ಮದುವೆಯಾಗಲು, ನಟಿಯರಿಗೆ ಅಂಥ ಮದುವೆಯನ್ನು ನಿಷೇಧಿಸಿದ್ದ ಕಾನೂನನ್ನೇ ಸಡಿಲಿಸಬೇಕಾಯಿತು. ಇಂಗ್ಲಿಷಿನ ‘ಮಿಮಿಕ್’ ಶಬ್ದಕ್ಕೆ ಅಂಟಿದ ಕೀಳುತನ ಈ ಕಡೆಯಿಂದ ಹರಿದುಬಂದದ್ದು ಎಂದು ನಾನು ಭಾವಿಸುತ್ತೇನೆ. ಅನುಕರಣೆ ಎಂಬ ಕ್ರಿಯೆಯಲ್ಲಿ ಕೀಳೇನೂ ಇರಲಿಲ್ಲ. ಆ ಕೆಲಸ ಮಾಡುತ್ತಿದ್ದವರನ್ನು ಊರು ಎಲ್ಲಿ ಕೂರಿಸಿತ್ತೋ ಶಬ್ದವೂ ಅಲ್ಲೇ ಕುಳಿತುಕೊಂಡಿತು. ಹಗಲುವೇಷದವರಿಗೆ ಕಾಸು ಕೊಟ್ಟು, ಹೊಗಳಿ, ಆದರೆ ಜಗಲಿಯಿಂದ ಒಳಗೆ ಕರೆಯದೆ ಕಳಿಸುತ್ತಿದ್ದ ಊರುಗಳನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಶಬ್ದ ಕನ್ನಡದ ಹತ್ತಿರ ಬರುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ರ ಚಳಿಗಾಲದಿಂದ ಅಗೆಸಿದರು. ಸಿಕ್ಕ ಪಪೈರಸ್ ಹಾಳೆಗಳಲ್ಲಿ 413ನೆಯ ಸಂಖ್ಯೆಯದ್ದು 1903ರಲ್ಲಿ ಪ್ರಕಟವಾಯಿತು. ಅದು ಕ್ರಿ.ಶ. ಎರಡನೆಯ ಶತಮಾನದ ಒಂದು ಗ್ರೀಕ್ ಮೈಮ್, ಹಾಸ್ಯದ ಆಟ. ಕಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯೊಂದರ ದೇವಾಲಯದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಅಣ್ಣ ಹಡಗಿನಲ್ಲಿ ಬಂದಿದ್ದಾನೆ, ಜೊತೆಗೆ ಒಬ್ಬ ವಿದೂಷಕನೂ ಇದ್ದಾನೆ. ಈ ನಾಡಿನವರಿಗೆ ದ್ರಾಕ್ಷಾರಸ ಸಿಗುವುದು ಅಪರೂಪ, ಕೊಟ್ಟರೆ ನೀರು ಬೆರೆಸದೆ ಕುಡಿದಾರು ಎಂದು ಲೆಕ್ಕ ಹಾಕಿ, ರಾಜನನ್ನೂ ಅವನ ಪರಿವಾರವನ್ನೂ ಕುಡಿಸಿ ಮಲಗಿಸಿ, ಹುಡುಗಿಯನ್ನು ಹಡಗಿಗೆ ಕರೆದೊಯ್ಯುತ್ತಾರೆ. ಯೂರಿಪಿಡಿಸನ ‘ಟಾರಿಸ್‌ನ ಇಫಿಜಿನಿಯಾ’ದ ಕಥೆಯನ್ನೇ ಹಾಸ್ಯಕ್ಕೆ ತಿರುಗಿಸಿದ್ದು ಇದು. ಹಾಳೆಯಲ್ಲಿ ಎಲ್ಲೆಲ್ಲಿ ತಮಟೆ ಬಾರಿಸಬೇಕು ಎಂಬ ಸೂಚನೆಗಳೂ ಇವೆ. ಚಂಡೆ ಮದ್ದಳೆಯ ನಡುವೆ ಬೆಳೆದ ನಮಗೆ ಇದನ್ನು ಓದುವಾಗಲೇ ಆಟ ಕೇಳಿಸತೊಡಗುತ್ತದೆ.

ಆ ಆಟದಲ್ಲಿ ಭಾರತದ ರಾಜನೂ ಅವನ ಪರಿವಾರವೂ ಗ್ರೀಕಲ್ಲದ ಒಂದು ಭಾಷೆಯಲ್ಲಿ ಮಾತನಾಡುತ್ತಾರೆ. ಲಿಪಿ ಗ್ರೀಕ್, ಮಾತು ಬೇರೆ. 1904ರಲ್ಲಿ ಜರ್ಮನಿಯ ಶಾಸನತಜ್ಞ ಹುಲ್ಟ್ಜ್ ಆ ಮಾತುಗಳು ಕನ್ನಡ ಎಂದು ವಾದಿಸಿದರು. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂಬ ಅವರ ಓದು ಈಗ ಬಹಳ ಪ್ರಸಿದ್ಧ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ, ಮಂಜೇಶ್ವರದ ಗೋವಿಂದ ಪೈಗಳೂ ಈ ಹಾಳೆಯ ಮೇಲೆ ಶ್ರಮಪಟ್ಟರು. 1926ರಲ್ಲಿ ಎಲ್.ಡಿ. ಬಾರ್ನೆಟ್ ಇದು ಕನ್ನಡವೆಂಬುದನ್ನು ಒಪ್ಪದೆ ಬರೆದರು. ತುಳು ಎಂದವರೂ ಮುಂದೆ ಬಂದರು.

ಆ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಪಪೈರಸ್ಸಿನಲ್ಲಿ ಅಕ್ಷರಕ್ಕೆ ಅಕ್ಷರ ಇರುವುದು ಸುಮಾರಾಗಿ ‘ಬೆರೆ ಕೊಂಜೆಯ್ ದಮುನ್ ಪೆತ್ರೆಕಿಯೊ ಪಕ್ತೆಯ್’ ಎಂದು. ‘ಬೆರೆ ಕೊಂಜೆಯ್’ ಎಂಬುದರಲ್ಲಿ ‘ಬೇರೆ ಕೊಂಚ’ ಕೇಳಿಸುವುದು ನಿಜ. ‘ಪೆತ್ರೆಕಿಯೊ’ದಲ್ಲಿ ‘ಪಾತ್ರಕ್ಕೆ’ಯ ನೆರಳಿದೆ. ಆದರೆ ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. ‘ಪಕ್ತೆಯ್’ ಎಂಬುದನ್ನು ‘ಹಾಕಿ’ ಎಂದು ಓದುವಾಗ ಮೊದಲಕ್ಷರ ಪಕಾರವಾಗಿರುವುದು ತೊಡಕಲ್ಲ, ಹಳಗನ್ನಡದ ‘ಪಾಲ್’ ಹಾಲಾದಂತೆ ಹಕಾರ ಬಂದದ್ದೇ ಬಹಳ ಈಚೆಗೆ; ಆದರೆ ಇಡೀ ವಾಕ್ಯ ನಮ್ಮ ಇಂದಿನ ಅಡುಗೆಮನೆಯ ಮಾತಿನಷ್ಟು ಹೊಸದಾಗಿ ಕೇಳುವುದು ತೊಡಕೇ. ನಮಗೆ ಸಿಕ್ಕಿರುವ ಕನ್ನಡದ ಹಳೆಯ ಬರಹಗಳಾದ ಹಲ್ಮಿಡಿಯ ಶಾಸನವಾಗಲಿ, ನಮ್ಮದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ, ಪುರಾತತ್ವ ಸರ್ವೇಕ್ಷಣೆಯವರು ಕ್ರಿ.ಶ. 370ರ ಕಾಲದ್ದೆಂದು ಹೇಳುವ ಸಿಂಹಕಟಾಂಜನದ ಶಾಸನವಾಗಲಿ, ಇಷ್ಟು ಸುಲಭವಾಗಿ ಇಂದಿನ ಕಿವಿಗೆ ಇಳಿಯುವುದಿಲ್ಲ.

ಈ ಚರ್ಚೆಯಲ್ಲಿ ಎರಡೂ ಪಕ್ಷದವರು ಒಂದೇ ಪ್ರಶ್ನೆ ಕೇಳಿಕೊಂಡರು: ಇದು ಕನ್ನಡವೋ ಅಲ್ಲವೋ? ನನಗೆ ಇನ್ನೊಂದು ಪ್ರಶ್ನೆ ಮುಖ್ಯವೆನ್ನಿಸುತ್ತದೆ. ಈ ಆಟವನ್ನು ನೋಡುತ್ತಿದ್ದವರು ಯಾರು? ನೈಲ್ ನದಿಯ ದಂಡೆಯ ಗ್ರೀಕ್ ಮಾತಿನ ಪಟ್ಟಣಿಗರು. ಕೆಂಪು ಸಮುದ್ರದ ರೇವುಗಳಿಂದ ಹಡಗುಗಳು ಪಶ್ಚಿಮ ಘಟ್ಟದ ಕಾಳುಮೆಣಸಿಗಾಗಿ ನಮ್ಮ ಕರಾವಳಿಗೆ ಬರುತ್ತಿದ್ದ ಕಾಲ ಅದು. ನಾವಿಕರು ಕೇಳಿಬಂದ ಮಾತು ಅಲ್ಲಿನ ಸಂತೆಬೀದಿಯ ಕಿವಿಗೂ ಬಿದ್ದಿರಬೇಕು. ಆದರೆ ಆಟ ನೋಡುವವನಿಗೆ ಆ ಭಾಷೆ ಬಾರದು. ಅರಿಸ್ಟಾಟಲ್ ಹೇಳಿದ ‘ಇದು ಅದೇ’ ಎಂಬ ಗುರುತು ಅವನಿಗೆ ಅರ್ಧವಷ್ಟೇ ಸಿಗಬಲ್ಲದು: ‘ಇದು ಆ ಕಡೆಯವರು ಮಾತನಾಡುವ ರೀತಿ’ ಎಂಬಷ್ಟು. ಅಷ್ಟು ಸಿಕ್ಕರೆ ಆಟಕ್ಕೆ ಸಾಕು. ಆದ್ದರಿಂದ ಬರೆದವನಿಗೆ ವ್ಯಾಕರಣ ಸರಿ ಮಾಡುವ ಅಗತ್ಯವೂ ಇರಲಿಲ್ಲ, ಸಂಪೂರ್ಣ ಸುಳ್ಳು ಸದ್ದು ಹೊಸೆಯುವ ಅಗತ್ಯವೂ ಇರಲಿಲ್ಲ. ನಮ್ಮ ಹುಡುಗರು ಬಾರದ ಭಾಷೆಯ ಸಿನಿಮಾ ಹಾಡನ್ನು ಹೇಗೆ ಹಾಡುತ್ತಾರೆ ಎಂದು ಕೇಳಿನೋಡಿ. ನಾಲ್ಕು ಶಬ್ದ ನಿಜ, ಮೂರು ಶಬ್ದ ಸವೆದದ್ದು, ಉಳಿದದ್ದು ಲಯ. ಈ ಹಾಳೆಯ ಮಾತು ಅಂಥದ್ದಾಗಿರಬಹುದೆಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ನಮ್ಮ ಕರಾವಳಿಯ ನುಡಿ ದೂರದ ಕಿವಿಯೊಂದಕ್ಕೆ ಹೇಗೆ ಕೇಳಿಸಿತ್ತು ಎಂಬುದರ ದಾಖಲೆಯಾಗಿ ಅದು ಅಮೂಲ್ಯ, ಶಾಸನದ ಪಕ್ಕದಲ್ಲಿಟ್ಟು ಅಳೆಯಬೇಕಾದ ವಸ್ತು ಅದಲ್ಲ.

ಸಭೆಯಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳೂ ಇರುವುದರಿಂದ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತೇನೆ. ತೋಟದ ಬದುವಿನಲ್ಲಿ, ಆಟದ ಬಯಲಿನ ಅಂಚಿನಲ್ಲಿ ಕಾಲಿಗೆ ಚುಚ್ಚುವ ಮುಟ್ಟಿದರೆ ಮುನಿಯ ಶಾಸ್ತ್ರೀಯ ಹೆಸರು ‘ಮಿಮೋಸಾ ಪುಡಿಕಾ’. ಅಮೆರಿಕದ ಉಷ್ಣವಲಯದಿಂದ ಬಂದು ನೆಲೆಸಿದ ಈ ಗಿಡ, ಮುಟ್ಟಿದರೆ ಎಲೆ ಮಡಿಚಿಕೊಂಡು ಪ್ರಾಣಿಯ ಸಂವೇದನೆಯನ್ನು ನಟಿಸುತ್ತದೆ ಎಂದು ಅದಕ್ಕೆ ‘ಮೀಮಸ್’ನ ಹೆಸರು ಬಂತು. ನಮ್ಮ ರೆಂಜೆ ಮರ ‘ಮಿಮುಸಾಪ್ಸ್’. ಗ್ರೀಕಿನಲ್ಲಿ ಮಂಗನಿಗೂ ‘ಮೀಮೋ’ ಎನ್ನುತ್ತಿದ್ದರು, ಹೂವಿನ ಆಕಾರದಲ್ಲಿ ಮಂಗನ ಮುಖ ಕಂಡು ಆ ಹೆಸರಿಟ್ಟರೆಂದು ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ. ಇನ್ನು ನಿಮ್ಮ ಫೋನಿನಲ್ಲಿ ದಿನವೂ ಓಡಾಡುವ ‘ಮೀಮ್’ ಕೂಡ ಇದೇ ಕುಲದ್ದು; 1976ರಲ್ಲಿ ರಿಚರ್ಡ್ ಡಾಕಿನ್ಸ್, ಅನುಕರಣೆ ಎಂಬರ್ಥದ ಗ್ರೀಕ್ ಶಬ್ದ ‘ಮೀಮೇಸಿಸ್’ನ ಬುಡ ಹಿಡಿದು, ‘ಜೀನ್’ ಶಬ್ದದೊಂದಿಗೆ ಪ್ರಾಸವಾಗುವಂತೆ ಕತ್ತರಿಸಿ ಮಾಡಿದ ಶಬ್ದ ಅದು.

ಆದರೆ ವಿಜ್ಞಾನದಲ್ಲಿ ಈ ಶಬ್ದ ನಿಜವಾಗಿ ಬೆಳೆದದ್ದು ಚಿಟ್ಟೆಗಳಿಂದ. ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಬಂದು, 1862ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರುಚಿಗೆಟ್ಟ ಚಿಟ್ಟೆಗಳ ಬಣ್ಣವನ್ನು ತಿನ್ನಲು ಯೋಗ್ಯವಾದ ಬೇರೆ ಚಿಟ್ಟೆಗಳು ತಾಳುವುದನ್ನು ವಿವರಿಸಿದ. ಇದನ್ನು ನೋಡಲು ಅಮೆಜಾನಿಗೆ ಹೋಗಬೇಕಾಗಿಲ್ಲ, ಹಿತ್ತಿಲಿನ ಕರಿಬೇವಿನ ಗಿಡದ ಬಳಿ ನಿಂತರೆ ಸಾಕು. ಕರಿಬೇವು, ನಿಂಬೆ ಗಿಡಗಳ ಎಲೆಯ ಮೇಲೆ ಮೊಟ್ಟೆಯಿಡುವ ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯ ಗಂಡು ಕಪ್ಪು, ಹಿಂದಿನ ರೆಕ್ಕೆಯ ಮೇಲೆ ಬಿಳಿ ಮಚ್ಚೆಗಳ ಸಾಲು. ಹೆಣ್ಣಿಗೆ ಮೂರು ರೂಪ. ಒಂದು ಗಂಡಿನಂತೆಯೇ. ಇನ್ನೊಂದು ‘ಕಾಮನ್ ರೋಸ್’ ಚಿಟ್ಟೆಯಂತೆ. ಮತ್ತೊಂದು ‘ಕ್ರಿಮ್ಸನ್ ರೋಸ್’ನಂತೆ. ಆ ಎರಡೂ ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಸಿಟ್ಟುಕೊಳ್ಳುತ್ತವೆ. ಒಮ್ಮೆ ಬಾಯಿಗೆ ಹಾಕಿ ಉಗಿದ ಹಕ್ಕಿ ಮತ್ತೆ ಅತ್ತ ಹೋಗುವುದಿಲ್ಲ. ಮಾರ್ಮನ್ ಹೆಣ್ಣು ಆ ಭಯದ ನೆರಳಿನಲ್ಲಿ ಬದುಕುತ್ತದೆ.

ಹತ್ತಿರದಿಂದ ನೋಡಿದರೆ ನಿಮಗೆ ವ್ಯತ್ಯಾಸ ಸಿಕ್ಕಿಬಿಡುತ್ತದೆ. ನಿಜವಾದ ರೋಸ್ ಚಿಟ್ಟೆಯ ಮೈ ಕೆಂಪು. ಮಾರ್ಮನ್ನಿನ ರೆಕ್ಕೆ ಎಷ್ಟೇ ಹೋಲಿದರೂ ಮೈ ಕಪ್ಪಾಗಿಯೇ ಉಳಿದಿದೆ. ಎದುರಿಗಿರುವ ಹಕ್ಕಿಯ ಕಣ್ಣಿಗೆ ಎಷ್ಟು ಬೇಕೋ ಅಷ್ಟು ಅನುಕರಣೆ ಬೆಳೆದಿದೆ, ಅದಕ್ಕಿಂತ ಆಚೆಗೆ ಹೋಗಿಲ್ಲ. ಕ್ರಿಮ್ಸನ್ ರೋಸ್ ಇರುವುದು ಭಾರತ, ಶ್ರೀಲಂಕಾ ಕಡೆಗಳಲ್ಲಿ. ಅದನ್ನು ಹೋಲುವ ಮಾರ್ಮನ್ ಹೆಣ್ಣೂ ಇದೇ ಕಡೆಗಳಲ್ಲಿ ಕಾಣುತ್ತದೆ. ಮೂಲವನ್ನು ತಿಂದು ಪಾಠ ಕಲಿತ ಹಕ್ಕಿ ಇಲ್ಲದ ನಾಡಿನಲ್ಲಿ ಈ ವೇಷಕ್ಕೆ ಬೆಲೆಯಿಲ್ಲ. ಈ ರೂಪಗಳನ್ನೆಲ್ಲ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ತೋರಿಸಿದರು. ಜೀವಶಾಸ್ತ್ರದವರು ಮಿಮಿಕ್ರಿಯನ್ನು ವಿವರಿಸುವಾಗ ಮಾದರಿ, ಅನುಕರಿಸುವ ಜೀವಿ, ಮೋಸಹೋಗುವ ಜೀವಿ ಎಂದು ಮೂರನ್ನು ಹೇಳಿಯೇ ಮುಂದೆ ಹೋಗುತ್ತಾರೆ. ನಿಘಂಟಿನವರು ಬಿಟ್ಟುಕೊಟ್ಟ ಮೂರನೆಯವನನ್ನು ಅವರು ಬಿಟ್ಟುಕೊಡಲಿಲ್ಲ.

ಘಟ್ಟದ ಕಾಡಿನ ಭೀಮರಾಜ ಹಕ್ಕಿಯನ್ನೂ ಇಲ್ಲಿ ನೆನೆಯಬೇಕು. ಬಾಲದ ತುದಿಯಲ್ಲಿ ಎರಡು ಗರಿ ತೂಗಾಡಿಸಿಕೊಂಡು ಹಾರುವ ಅದು ಬೇರೆ ಹಕ್ಕಿಗಳ ಕೂಗನ್ನು ಎಷ್ಟು ಚೆನ್ನಾಗಿ ಕೂಗುತ್ತದೆಂದರೆ ಮರ ನೋಡದೆ ಹಕ್ಕಿ ಹೆಸರಿಸುವವರು ತಬ್ಬಿಬ್ಬಾಗುತ್ತಾರೆ. ಇದೇ ಹಕ್ಕಿಯ ಬಗ್ಗೆ ಶ್ರೀಲಂಕಾದ ಮಳೆಕಾಡಿನಲ್ಲಿ ಗುಡೇಲ್ ಮತ್ತು ಕೊಟಗಮ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಅಪಾಯ ಕಂಡಾಗ ಅದು ಬೇರೆ ಜಾತಿಗಳ ಅಪಾಯದ ಕೂಗನ್ನೇ ಸೇರಿಸಿ ಕೂಗುತ್ತದೆ, ಉಳಿದ ಸಮಯದಲ್ಲಿ ಬೇರೆ ಕೂಗುಗಳನ್ನು. ಅದರ ಅನುಕರಣೆಯ ಕೂಗಿಗೆ ಬೇರೆ ಹಕ್ಕಿಗಳು ಬಂದು ಗುಂಪು ಸೇರುತ್ತವೆ. ಕೇಳುಗರು ಯಾರು, ಹೊತ್ತು ಯಾವುದು ಎಂಬುದಕ್ಕೆ ತಕ್ಕಂತೆ ದನಿ ಬದಲಾಗುತ್ತದೆ ಎಂದಾಯಿತು.

ಚಿಟ್ಟೆಯ ಮುಂದಿರುವ ಹಕ್ಕಿ ಮೋಸಹೋಗುತ್ತದೆ. ಆಟದ ಮುಂದೆ ಕುಳಿತ ಪ್ರೇಕ್ಷಕ ಮೋಸಹೋಗುವುದಿಲ್ಲ, ಆದರೂ ನಂಬುತ್ತಾನೆ. ಒಂದೇ ಶಬ್ದ ಈ ಎರಡಕ್ಕೂ ಸಲ್ಲುತ್ತಿರುವುದೇ ತೊಡಕಿನ ಮೂಲ, ಮತ್ತು ಈ ತೊಡಕನ್ನು ನಮ್ಮವರು ಬಹಳ ಆಳವಾಗಿ ಚರ್ಚಿಸಿದ್ದಾರೆ. ‘ಲೋಕವೃತ್ತಾನುಕರಣಂ ನಾಟ್ಯಂ’ ಎಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಇದೆ. ಅದನ್ನು ಹಿಡಿದು ಕಾಶ್ಮೀರದ ವಿದ್ವಾಂಸ ಶಂಕುಕ, ನಟ ರಾಮನನ್ನು ಅನುಕರಿಸುತ್ತಾನೆ, ನೋಡುವವನು ಅದರಿಂದ ರಾಮನ ಭಾವವನ್ನು ಊಹಿಸುತ್ತಾನೆ ಎಂದ. ಹಾಗೆ ನೋಡುವಾಗ ‘ಇವನೇ ರಾಮ’ ಎಂಬ ನಿಜದ ತಿಳಿವಳಿಕೆಯೂ ಅಲ್ಲ, ‘ಇವನು ರಾಮನಲ್ಲ’ ಎಂಬ ನಿರಾಕರಣೆಯೂ ಅಲ್ಲ, ‘ಹೌದೋ ಅಲ್ಲವೋ’ ಎಂಬ ಸಂಶಯವೂ ಅಲ್ಲ, ‘ರಾಮನ ಹಾಗಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಚಿತ್ರದ ಕುದುರೆಯನ್ನು ನೋಡಿ ‘ಕುದುರೆ’ ಎನ್ನುತ್ತೇವಲ್ಲ, ಅಂಥದ್ದು. ಚಿತ್ರತುರಗ ನ್ಯಾಯವೆಂದು ಇದು ಹೆಸರಾಗಿದೆ. ಪ್ಲೇಟೊ ಭಯಪಟ್ಟ ಚಿತ್ರವೇ ಇಲ್ಲಿ ನೋಡುಗನ ಶಕ್ತಿಗೆ ಉದಾಹರಣೆಯಾಗಿದೆ ಎಂಬುದನ್ನು ನೀವು ಗಮನಿಸಿರಬೇಕು.

ಇದನ್ನು ಕಾಶ್ಮೀರದವನೇ ಆದ ಅಭಿನವಗುಪ್ತನ ಗುರು ಭಟ್ಟತೌತ ಒಪ್ಪಲಿಲ್ಲ. ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನವಾದ ಅಭಿನವಭಾರತಿಯಲ್ಲಿ ಉಳಿದಿರುವ ಭಟ್ಟತೌತನ ಆಕ್ಷೇಪ ಬಹಳ ನೇರವಾದದ್ದು. ಅನುಕರಣೆ ಎನ್ನಬೇಕಾದರೆ ಮೂಲವನ್ನು ಕಂಡಿರಬೇಕು. ರಾಮನ ಪ್ರೀತಿಯನ್ನು ಕಂಡವರು ಯಾರು? ನಟನೂ ಕಂಡಿಲ್ಲ, ನೋಡುವವನೂ ಕಂಡಿಲ್ಲ. ಹಾಗಾದ ಮೇಲೆ ಅದನ್ನು ಅನುಕರಣೆ ಎನ್ನುವುದು ಹೇಗೆ? ಅಭಿನವಗುಪ್ತ ಈ ಕಾರಣದಿಂದಲೇ ನಾಟ್ಯವನ್ನು ಅನುಕರಣವೆನ್ನದೆ ಅನುಕೀರ್ತನವೆಂದು, ಅಂದರೆ ಮತ್ತೆ ಹೇಳುವುದೆಂದು, ಕರೆಯುತ್ತಾನೆ.

ಅರಿಸ್ಟಾಟಲ್ ಒಂದು ವಾಕ್ಯದಲ್ಲಿ ಬದಿಗಿಟ್ಟ ನೋಡುಗನನ್ನು, ಅಂದರೆ ಮೂಲವನ್ನು ಕಾಣದವನನ್ನು, ಕಾಶ್ಮೀರದವರು ನಡುಮನೆಗೆ ತಂದು ಕೂರಿಸಿದರು. ಈ ಪ್ರಶ್ನೆಯನ್ನು ನಾನು ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟದ ಎದುರಿಗೆ ಇಟ್ಟು ನೋಡಿದ್ದೇನೆ. ಸಾಗರ, ಹೊಸನಗರದ ಕಡೆ ರಾತ್ರಿಯ ಆಟ ನೋಡುವ ಹಿರಿಯರ ಪಕ್ಕ ಕುಳಿತರೆ ಅವರು ಕೌರವನನ್ನು ಕಂಡವರಂತೆ ಮಾತನಾಡುತ್ತಾರೆ. ‘ಇವರ ಕೌರವ ಗತ್ತು ಸಾಲದು, ಇಂಥವರ ಕೌರವ ನೋಡಬೇಕಿತ್ತು’ ಎನ್ನುತ್ತಾರೆ. ಅವರ ಕಣ್ಣಮುಂದಿರುವ ಮೂಲ ಮಹಾಭಾರತದ ಕೌರವನಲ್ಲ, ಹಿಂದೆಂದೋ ಕಂಡ ಇನ್ನೊಬ್ಬ ವೇಷಧಾರಿ. ಆ ವೇಷಧಾರಿಯ ಮುಂದೆ ಇದ್ದದ್ದು ಅವನ ಗುರುವಿನ ವೇಷ. ಭಟ್ಟತೌತ ಕೇಳಿದ ಪ್ರಶ್ನೆಗೆ ಈ ಪ್ರೇಕ್ಷಕರು ಕೊಡುವ ಉತ್ತರ ಇದು: ಮೂಲವನ್ನು ಕಾಣದಿದ್ದರೂ ಅವರಲ್ಲಿ ವೇಷಗಳ ಒಂದು ಸಾಲು ನೆನಪಿದೆ, ಹೊಸ ವೇಷವನ್ನು ಅವರು ಆ ಸಾಲಿಗೆ ಹಿಡಿದು ಅಳೆಯುತ್ತಾರೆ. ರಂಗದ ಮೇಲೆ ನಿಲ್ಲಲಿರುವ ನೀವು ಪಾತ್ರವನ್ನು ಅಭ್ಯಾಸ ಮಾಡುವಾಗ, ಎದುರಿಗೆ ಕೂರುವವರ ನೆನಪಿನಲ್ಲಿ ಯಾವ ಸಾಲು ಇದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಆ ಹಿರಿಯರು ಇನ್ನೂ ಆಟಕ್ಕೆ ಬರುತ್ತಿದ್ದಾರೆ, ಕೇಳಿದರೆ ಹೇಳುತ್ತಾರೆ.